ಮಡಿಲ ತುಂಬ ಗಿಡ

ನಾಲ್ಕನೆಯ ಕುಂಡ ಮಾಯವಾದ ದಿನ ಅವಳು ಗಂಡನ ಬೆನ್ನು ಹತ್ತಿದಳು.

ಮೊದಲು ಹೋದದ್ದು ಹಿಡಿ ಮುರಿದ ಕುಕ್ಕರಿನಲ್ಲಿ ಬೆಳೆದ ಜರೀಗಿಡ. ಆಮೇಲೆ ಹಾಲಿನ ಡಬ್ಬಿಯ ಬಿಗೋನಿಯಾ. ಕೇಳಿದರೆ, "ಹುಳ ಬಿದ್ದಿತ್ತು ಕಣೇ, ಎಸೆದೆ" ಎನ್ನುತ್ತಿದ್ದ. ಒಂದೊಂದೇ ಎಲೆಯನ್ನು ಸೋಪಿನ ನೀರಿನಲ್ಲಿ ಒರೆಸಿ ಸಾಕಿದವಳಿಗೆ ಹುಳದ ಪಾಠ! ಜನ್ಮದಲ್ಲಿ ಒಂದು ಚೊಂಬು ನೀರು ಹಾಕದ ಮನುಷ್ಯ, ನಿವೃತ್ತನಾದ ಮೇಲೆ ಇಸ್ತ್ರಿ ಅಂಗಿ ತೊಟ್ಟು ವಾರಕ್ಕೆರಡು ಬಾರಿ ಎಲ್ಲಿಗೋ ಹೊರಡುತ್ತಿದ್ದ.

"ನಾನೂ ಬರ್ಲಾ?"

"ನಿನ್ನ ಮಂಡಿನೋವಿಗೆ ಅಷ್ಟು ದೂರ ಆಗಲ್ಲ."

ತಂಗಿ ಫೋನಿನಲ್ಲೇ ತೀರ್ಪು ಕೊಟ್ಟಿದ್ದಳು: "ಅಕ್ಕಾ, ಈ ವಯಸ್ಸಲ್ಲಿ ಗಂಡಸು ಹೂಕುಂಡ ಹೊತ್ಕೊಂಡು ಹೋಗ್ತಾನೆ ಅಂದ್ರೆ, ಇಟ್ಕೊಳ್ಳೋಕೆ ಇನ್ನೊಂದು ಮನೆ ಇದೆ ಅಂತಲೇ ಅರ್ಥ."

ಅವನು ಬಸ್ಸಿನ ಮುಂದಿನ ಬಾಗಿಲಲ್ಲಿ ಹತ್ತಿದ. ಅವಳು ಹಿಂದಿನದರಲ್ಲಿ. ಊರಿನ ಸಸ್ಯೋದ್ಯಾನದ ಮುಂದೆ ಅವನು ಇಳಿದಾಗ, ಮಂಡಿನೋವನ್ನು ಹಲ್ಲು ಕಚ್ಚಿ ನುಂಗಿಕೊಂಡು ತಾನೂ ಇಳಿದಳು.

ಗಾಜಿನ ಮನೆಯ ಎದುರು ಜನ, ಕ್ಯಾಮೆರಾ. ಹೆಣ್ಣೊಬ್ಬಳು ಓಡಿಬಂದು ಅವನ ಕೈ ಹಿಡಿದುಕೊಂಡಳು. ಹೆಂಡತಿ ಮರದ ಮರೆಗೆ ಸರಿದು ಕಿವಿಗೊಟ್ಟಳು.

"ಅಂಕಲ್, ಇದೊಂದಕ್ಕೇ ಕಾಯ್ತಿದ್ದೆ!"

ಅಂಕಲ್! ಮಗಳ ವಯಸ್ಸಿನ ಹುಡುಗಿ. ಮೊಣಕೈವರೆಗೂ ಒಣಗಿದ ಜೇಡಿಮಣ್ಣು. ಅವನು ತಂದ ಕುಂಡವನ್ನು ಎತ್ತಿಕೊಂಡು ಹೋಗಿ ತಾನು ಮಾಡಿದ ಶಿಲ್ಪದ ಮಡಿಲಿಗಿಟ್ಟಳು. ಕಾಲು ಚಾಚಿ ಕುಳಿತ, ಆಳೆತ್ತರದ ಮಣ್ಣಿನ ಹೆಂಗಸು. ತೋಳಲ್ಲಿ ಕುಕ್ಕರು, ಹೆಗಲ ಮೇಲೆ ಹಾಲಿನ ಡಬ್ಬಿ. ಗಿಡಗಳೆಲ್ಲ ನಳನಳಿಸುತ್ತಿದ್ದವು.

ಅವಳಿಗೆ ನಾಚಿಕೆಯಾಯಿತು. ದೇವರಂಥ ಗಂಡನ ಮೇಲೆ ಎಂಥ ಅನುಮಾನ! ಹೆಂಡತಿ ಬೆಳೆಸಿದ್ದನ್ನು ನಾಲ್ಕು ಜನ ನೋಡಲಿ ಅಂತ ಇಷ್ಟು ದಿನ ಗುಟ್ಟು ಮಾಡಿದ್ದಾನೆ, ಪಾಪ. ಮನೆಗೆ ಹೋದ ಕೂಡಲೇ ತಂಗಿಗೆ ಫೋನು ಮಾಡಿ ಚೆನ್ನಾಗಿ ಬೈಯಬೇಕು.

ಅವನು ಕ್ಯಾಮೆರಾದವರತ್ತ ಹೋದ. ಅವಳು ಮೆಲ್ಲಗೆ ಬಂದು ಜರೀಗಿಡದ ಎಲೆ ಸವರಿದಳು. ತಡೆದರೂ ಕಣ್ಣೀರು ನಿಲ್ಲಲಿಲ್ಲ.

ಹುಡುಗಿ ಬಂದು ಅವಳ ಬೆನ್ನು ಸವರಿದಳು.

"ಅಳಬೇಡಿ ಅಮ್ಮಾ. ನೋಡಿದವರೆಲ್ಲ ಹೀಗೇ ಅಳ್ತಾರೆ. ಈ ಗಿಡ ಬೆಳೆಸಿದ ಆಂಟಿ ತೀರ್ಕೊಂಡು ಎರಡು ವರ್ಷ ಆಯ್ತಂತೆ. ಪಾಪ, ಅಂಕಲ್ ಒಬ್ಬರೇ ನೀರು ಹಾಕಿ ಉಳಿಸ್ಕೊಂಡಿದ್ದಾರೆ."