ಮೊದಲ ಹಾಡಿನ ತಿರುವು

ಎಲೆಕ್ಟ್ರಿಷಿಯನ್ ಬೆರಳೆತ್ತಿದ ಮೇಲೂ ಬೇಸ್ ಗಿಟಾರಿನ ದಪ್ಪ ತಂತಿ ಗುಂಯ್‌ಗುಡುತ್ತಲೇ ಇತ್ತು. ಅದು ಕಳೆದ ವರ್ಷ ತೀರಿಕೊಂಡ ಅವನ ಅಣ್ಣನ ಗಿಟಾರ್. ಅಣ್ಣನ ತಂಡದವರು ಕಲಿಸಿದ ಮೊದಲ ಹಾಡನ್ನು ಅವನು ಮಧ್ಯಾಹ್ನದಿಂದ ನುಡಿಸುತ್ತಿದ್ದ. ಪ್ರತಿಸಲವೂ ಒಂದೇ ತಿರುವಿನಲ್ಲಿ ಎಡವುತ್ತಿದ್ದ.

ಸ್ಪೀಕರಿನದೇ ದೋಷವಿರಬೇಕೆಂದು ವೈರನ್ನು ಕಿತ್ತ. ಸ್ವಿಚ್ಚನ್ನೂ ಆರಿಸಿದ. ದಿನವೂ ಕರೆಂಟಿನ ಜೊತೆಗೇ ಬದುಕುವ ಅವನಿಗೆ, ಇನ್ನು ಸದ್ದು ಬರಲು ದಾರಿಯೇ ಇಲ್ಲವೆಂದು ಗೊತ್ತು. ಆದರೂ ಹಾಡು ಮುಂದುವರಿಯಿತು. ಅವನ ಮಡಿಲಲ್ಲೇ ತಂತಿಗಳು ಒಂದೊಂದಾಗಿ ಅದುರಿದವು. ಅವನು ಎಡವುತ್ತಿದ್ದ ತಿರುವನ್ನು ನಿಧಾನವಾಗಿ, ಬಿಡಿಸಿ ಬಿಡಿಸಿ ನುಡಿಸಿ ದಾಟಿದವು.

"ಅತ್ತಿಗೇ!" ಎಂದು ಕೂಗಿದ.

ಅತ್ತಿಗೆ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದಳು. ಗಂಡನ ಮಾತೆತ್ತಿದರೇ ಎದ್ದು ಹೋಗುತ್ತಿದ್ದವಳು, ಇವತ್ತು ಮೈದುನನ ಪಕ್ಕದಲ್ಲೇ ಕುಳಿತಳು.

"ನಿಮಗೂ ಕೇಳಿಸ್ತಿದೆಯಾ?" ಅವನು ಎರಡೂ ಕೈಗಳನ್ನು ತಂತಿಗಳಿಂದ ದೂರ ಹಿಡಿದು ಕೇಳಿದ.

"ವರ್ಷದಿಂದ ಕೇಳಿಸ್ತಿದೆ ಕಣೋ. ನಂಗೇ ಹುಚ್ಚು ಹಿಡೀತು ಅಂದ್ಕೊಂಡು ಯಾರ ಹತ್ರಾನೂ ಬಾಯಿಬಿಟ್ಟಿರಲಿಲ್ಲ," ಎಂದಳು ಅತ್ತಿಗೆ. ಅವಳ ಕಣ್ಣು ತುಂಬಿತ್ತು. "ಅಲುಗಾಡಬೇಡ. ನಿಮ್ಮಣ್ಣ ಮತ್ತೆ ಮೊದಲಿಂದ ಹೇಳಿಕೊಡ್ತಿದಾರೆ."