ಅರವತ್ತು ದಾಟದ ಕಾರು

ಬಾನೆಟ್ಟಿನ ಮೇಲೆ ಕೈಯಿಟ್ಟು ಅವನು ಮೆಕ್ಯಾನಿಕ್‌ನ ಹತ್ತಿರ ಪಿಸುಗುಟ್ಟಿದ.

"ನಜೀರ್ ಭಾಯ್, ಈ ಟರ್ಬೊ ಸಾಕಾಗಲ್ಲ. ಇಂಜಿನ್ ಪವರ್ ಇನ್ನೊಂದಿಷ್ಟು ಏರ್ಸಿಕೊಡಿ. ನಮ್ಮನೆಯವಳಿಗೆ ಮಾತ್ರ ಗೊತ್ತಾಗಬಾರದು."

"ಯಾಕೆ ಸಾರ್, ಬೈತಾರಾ?"

"ಬೈದ್ರೆ ಪರವಾಗಿಲ್ಲ. ನಾನು ಅರವತ್ತು ದಾಟಿದ್ರೆ ಸಾಕು, ಪಕ್ಕದಲ್ಲಿ ಕೂತು ಕಣ್ಮುಚ್ಚಿ ರಾಯರನ್ನ ಕರೀತಾಳೆ. ಈ ಕಾರಿನ ಆಕ್ಸಿಲರೇಟರ್ ಪೂರ್ತಿ ಒತ್ತಿದ್ದೇ ಇಲ್ಲ ನಾನು!"

ನಜೀರ್ ಬಟ್ಟೆಯಲ್ಲಿ ಕೈಯೊರೆಸಿಕೊಂಡ.

"ಇನ್ನು ಏರ್ಸಿದ್ರೆ ಇಂಜಿನ್ ಹೋಗ್ಬಿಡುತ್ತೆ ಸಾರ್. ಎಷ್ಟು ಏರ್ಸಬಹುದೋ ಅಷ್ಟೂ ದೀಪಾವಳಿ ಟೈಮಲ್ಲೇ ಏರ್ಸಿದೀನಿ."

"ಏರ್ಸೋಕೆ ಯಾರು ಹೇಳಿದ್ದು ನಿಮಗೆ?"

"ಮೇಡಂ. ಒಬ್ರೇ ಓಡಿಸ್ಕೊಂಡು ಬಂದಿದ್ರು. ನಿಮಗೆ ಮಾತ್ರ ಗೊತ್ತಾಗಬಾರದು ಅಂದಿದ್ರು."