ಬಾಳಮ್ಮನ ಎಡೆ

“ಬಳಿ ತಗಿ.”

ಗುಂಡವ್ವ ಕೇಳಿಸದವಳಂತೆ ನಿಂತಳು. ಹೊಟ್ಟೆಯಲ್ಲಿ ಎಂಟು ತಿಂಗಳ ಕೂಸು. ಕೈತುಂಬ ಹಸಿರು ಬಳೆ, ಸೀಮಂತದ ಕುಬಸದ ದಿನ ತವರಿನವರು ತೊಡಿಸಿದ್ದು.

“ತಗಿ ಅಂದೆ.”

ಅತ್ತೆ ಶೆಟ್ಟೆವ್ವ ತಾನೇ ಸೊಸೆಯ ಮುಂಗೈ ಹಿಡಿದು, ಒಂದೊಂದೇ ಬಳೆ ಜಾರಿಸಿದಳು. ಆಮೇಲೆ ಟ್ರಂಕು ತೆರೆದು ಕುಬಸದ ಹಸಿರು ಸೀರೆಯನ್ನು ಎತ್ತಿಕೊಂಡು, ಬಳೆಗಳನ್ನು ಅದರಲ್ಲೇ ಸುತ್ತಿ ಗಂಟು ಕಟ್ಟಿದಳು. ಗಂಟಿನ ಮೇಲೆ ಎಡೆಯ ಬುಟ್ಟಿ ಇಟ್ಟಳು.

“ನಡಿ. ಬಾವಿಗೆ ಹೋಗಿ ಬಾಳಮ್ಮಗ ಎಡಿ ಇಟ್ಟ ಬರೂಣು.”

ಗುಂಡವ್ವ ಒಂದು ಹೆಜ್ಜೆ ಹಿಂದೆ ಸರಿದಳು. ಅಂದು ಮಾನೌಮಿ ಅಮಾಸಿ. ಸತ್ತವರು ಉಣ್ಣಲು ಮನೆಗೆ ಬರುವ ದಿನ. ದೇವರ ಹಿಪ್ಪರಗಿಗೆ ಎರಡು ಹರದಾರಿ ದೂರದ ಆ ಊರಲ್ಲಿ ಪ್ರತಿ ಮನೆಯವರೂ ಹಿರಿಯರ ಹೆಸರಿನ ಹೊಸ ಬಟ್ಟೆಯ ಮುಂದೆ ಹೋಳಿಗೆ, ಕಡುಬು ಬಡಿಸಿ ಬಾಗಿಲು ತೆರೆದಿಟ್ಟಿದ್ದರು. ಬಸುರಿಯರನ್ನು ಮಾತ್ರ ಆ ದಿನ ಹೊಸ್ತಿಲು ದಾಟಗೊಡುತ್ತಿರಲಿಲ್ಲ. ಉಣ್ಣಲು ಬಂದವರು ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗುತ್ತಾರೆಂಬ ಭಯ.

ಬಾಳಮ್ಮ ಈ ಮನೆಯ ಮೊದಲ ಸೊಸೆ. ಎರಡು ವರ್ಷದ ಹಿಂದೆ, ಏಳು ತಿಂಗಳ ಬಸುರಿ, ಇದೇ ಅಮಾಸಿಯ ದಿನ ಹೊಲದ ಬಾವಿಗೆ ಬಿದ್ದು ಸತ್ತಿದ್ದಳು. ಕೂಗು ಕೇಳಿ ಜನ ಓಡಿಹೋದಾಗ ದಂಡೆಯ ಮೇಲೆ ನಿಂತಿದ್ದವಳು ಶೆಟ್ಟೆವ್ವ ಒಬ್ಬಳೇ. ‘ಕಾಲು ಜಾರಿತು’ ಎಂದಷ್ಟೇ ಹೇಳಿದ್ದಳು. ಆಮೇಲೆ ಆ ಬಗ್ಗೆ ತುಟಿ ಬಿಚ್ಚಲಿಲ್ಲ. ಊರಿನವರು ಅವಳ ಮನೆಯ ನೀರು ಕುಡಿಯುವುದನ್ನೂ ಬಿಟ್ಟರು.

ಇದನ್ನೆಲ್ಲ ಗುಂಡವ್ವನಿಗೆ ಹೇಳಿದವನು ಗಂಡ ಸಿದ್ರಾಮ. ದನಿಯೆತ್ತಿ ಮಾತಾಡದ ಗಂಡು. ಅವಳಿಗೆ ಹುಳಿಯ ಆಸೆಯೆಂದು ಇಂಡಿಯಿಂದ ನಿಂಬೆಹಣ್ಣು ತರುತ್ತಿದ್ದ. ಈ ದಿನ ಬೆಳಿಗ್ಗೆಯೂ ಇಂಡಿಗೆ ಹೊರಡುವ ಮುಂಚೆ ಪಕ್ಕದಲ್ಲಿ ಕೂತು ಕೇಳಿದ್ದ:

“ಸಂಕ್ರಮಣಕ್ಕ ತವರಮನಿಗೆ ಹೋದಾಕಿ ಎಷ್ಟ ದಿನಾ ಇದ್ದಿ?”

“ಒಂದ ತಿಂಗಳ್ರಿ. ಎಷ್ಟ ಸಲ ಕೇಳ್ತೀರಿ?”

ಬೆರಳು ಮಡಚಿ ಎಣಿಸಿ ನಕ್ಕಿದ್ದ. ಕೂಸು ಹುಟ್ಟುವ ದಿನ ಲೆಕ್ಕ ಹಾಕುತ್ತಾನೆಂದು ಅವಳಿಗೆ ನಾಚಿಕೆಯಾಗಿತ್ತು.

“ಅವ್ವನ ಜೋಡಿ ಎಲ್ಲೂ ಹೋಗಬ್ಯಾಡ,” ಎಂದಿದ್ದ ಏಳುವಾಗ. “ಹೊತ್ತ ಮುಣಗೂದರಾಗ ಬರ್ತೇನಿ. ಬಾವಿಗೆ ನಾವಿಬ್ರ ಹೋಗೂಣು.”

ಈಗ ಅದನ್ನೇ ಹೇಳಲು ನೋಡಿದಳು. “ಅತ್ತಿ, ಅವರು ಬರ್ತಾರ್ರಿ. ಅವರ ಜೋಡಿ ಹೋದರಾತು...”

“ಅಂವಾ ಬರೂದರಾಗ ಹೋಗಬೇಕು,” ಎಂದ ಶೆಟ್ಟೆವ್ವ ಅವಳ ಮಣಿಕಟ್ಟು ಬಿಗಿಯಾಗಿ ಹಿಡಿದು ಅಂಗಳಕ್ಕೆ ಎಳೆದಳು.

ಎದುರುಮನೆಯ ಹುಚ್ಚವ್ವ ಕಟ್ಟೆಯಿಂದ ದಡಕ್ಕನೆ ಎದ್ದಳು. “ಏ ಶೆಟ್ಟೆವ್ವಾ! ಅಮಾಸಿ ದಿನಾ ಬಸರ ಹೆಣಮಗಳನ್ನ ಎಲ್ಲಿಗೆ ಒಯ್ಯಾಕತ್ತಿ?”

“ಬಾವಿಗೆ,” ಎಂದು ಶೆಟ್ಟೆವ್ವ ಓಣಿಗೆಲ್ಲ ಕೇಳುವಂತೆ ಹೇಳಿದಳು. “ಹೋಗಬೇಕಾದಾಕಿ ಹೋಗಲೇಬೇಕು.”

ಹುಚ್ಚವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ತಡೆಯಲು ಮುಂದೆ ಬರಲಿಲ್ಲ.

ದಾರಿಯ ಎರಡೂ ಕಡೆ ಎತ್ತರದ ಸಜ್ಜೆ. ಹಬ್ಬದ ಮಧ್ಯಾಹ್ನ; ಹೊಲದಲ್ಲಿ ನರಪಿಳ್ಳೆಯಿಲ್ಲ. ಗುಂಡವ್ವ ಎರಡು ಸಲ ಕೂತುಬಿಟ್ಟಳು. ಎರಡು ಸಲವೂ ಶೆಟ್ಟೆವ್ವ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದಳು. ಮುದುಕಿಗೆ ಅಷ್ಟು ಕಸುವು ಎಲ್ಲಿಂದ ಬಂದಿತ್ತೋ! ಆಗಾಗ ತಿರುಗಿ ಇಂಡಿಯ ದಾರಿ ನೋಡುತ್ತಿದ್ದಳು. ಸಿದ್ರಾಮ ಕಾಣಲಿ ಎಂದು ಗುಂಡವ್ವನೂ ನೋಡುತ್ತಿದ್ದಳು.

ಬಾವಿ ಬಂತು. ಆಳದ, ಮೆಟ್ಟಿಲ ಬಾವಿ. ನೀರು ಕಪ್ಪಗೆ ನಿಂತಿತ್ತು.

“ಚಪ್ಪಲಿ ಬಿಡು.”

ಗುಂಡವ್ವ ದಂಡೆಯ ಬೇವಿನ ಮರವನ್ನು ತಬ್ಬಿಕೊಂಡಳು. “ಒಲ್ಲೆ ಅತ್ತಿ! ನಾ ಏನ ತಪ್ಪ ಮಾಡೇನ್ರಿ? ಹೊಟ್ಟ್ಯಾಗಿನ ಕೂಸಿನ ಮುಖಾ ನೋಡಿಯಾದರೂ ಬಿಡ್ರಿ!”

ಶೆಟ್ಟೆವ್ವ ಬಗ್ಗಿ ತಾನೇ ಅವಳ ಕಾಲಿನ ಚಪ್ಪಲಿ ಕಳಚಿದಳು. ಒಂದನ್ನು ಮೇಲಿನ ಮೆಟ್ಟಿಲಲ್ಲಿ ಇಟ್ಟಳು, ಇನ್ನೊಂದನ್ನು ನೀರಿಗೆ ಎಸೆದಳು. ಎರಡು ಬಳೆಗಳನ್ನು ಕಲ್ಲಿಗೆ ಕುಕ್ಕಿ ಒಡೆದು ಚೂರು ಚೆಲ್ಲಿದಳು. ಕೊನೆಗೆ ಗಂಟಿನ ಹಸಿರು ಸೀರೆ ಬಿಚ್ಚಿ ಬಾವಿಗೆ ಬಿಟ್ಟಳು. ಅದು ಗಾಳಿ ತುಂಬಿಕೊಂಡು ಉಬ್ಬಿ, ಮೆಲ್ಲಗೆ ತೇಲಿತು. ಮೇಲಿನಿಂದ ನೋಡಿದರೆ ಹೆಂಗಸೊಬ್ಬಳು ಬೋರಲು ಬಿದ್ದಂತೆ.

ಅಷ್ಟರಲ್ಲಿ ಬದುವಿನಾಚೆ ಚಕ್ಕಡಿಯ ಗಾಲಿ ಕಿರುಗುಟ್ಟಿತು. ಮೋದಿನಸಾಬ ಎತ್ತು ಹೊಡೆಯುತ್ತಿದ್ದ. ಹಿಂದೆ ಅವನ ಹೆಂಡತಿ ಪೀರಬಿ, ಊರಿನ ಸೂಲಗಿತ್ತಿ.

“ಪೀರಬೀ! ಉಳಸ್ರಿ ನನ್ನ!” ಎಂದು ಗುಂಡವ್ವ ಕಿರುಚಿದಳು.

ಪೀರಬಿ ಇಳಿದು ಬಂದಳು. ಗಾಬರಿಯಾಗಲಿಲ್ಲ, ಏನೂ ಕೇಳಲಿಲ್ಲ. ತನ್ನ ಕಪ್ಪು ಬುರಖಾ ಬಿಚ್ಚಿ ಗುಂಡವ್ವನ ತಲೆಯ ಮೇಲಿಂದ ಇಳಿಬಿಟ್ಟಳು.

“ಕೂಗಬ್ಯಾಡವಾ. ಲಗೂನ ಹತ್ತು. ಸಿಂದಗಿ ಬಸ್ಸು ತಪ್ಪತೈತಿ. ಅಲ್ಲಿ ನನ್ನ ತಂಗಿ ಮನ್ಯಾಗ ಹಡೀವಂತಿ. ಯಾರಿಗೂ ಗೊತ್ತಾಗೂದಿಲ್ಲ.”

ಗುಂಡವ್ವನಿಗೆ ಏನೂ ತಿಳಿಯಲಿಲ್ಲ. ಅವರು ಹತ್ತಿಸಿದ್ದಕ್ಕೆ ಹತ್ತಿದಳು. ಶೆಟ್ಟೆವ್ವ ಎಡೆಯ ಬುಟ್ಟಿಯನ್ನು ಅವಳ ಮಡಿಲಿಗಿಟ್ಟಳು. ಹೋಳಿಗೆ ಇನ್ನೂ ಬಿಸಿಯಾಗಿತ್ತು.

“ಅತ್ತಿ, ಅವರು ಬಂದ ಕೇಳಿದರ?”

“ಬಾವಿಗೆ ಬಿದ್ದಳು ಅಂತೇನಿ. ನಾನ ದೂಡಿದೆ ಅಂತ ಊರು ಅನ್ನಲಿ. ಹುಚ್ಚವ್ವ ನೋಡ್ಯಾಳ.”

“ಯಾಕ್ರಿ ಅತ್ತಿ? ಯಾಕ ಹಿಂಗ ಮಾಡಾಕತ್ತೀರಿ?”

ಶೆಟ್ಟೆವ್ವ ಚಕ್ಕಡಿಯ ಗೂಟ ಹಿಡಿದು ಬಾವಿಯ ಕಡೆ ನೋಡಿದಳು. ಮೋದಿನಸಾಬ ಎತ್ತಿನ ಹಗ್ಗ ಜಗ್ಗುವಾಗ ಹೇಳಿದಳು.

“ಬಾಳಮ್ಮನ್ನ ದೂಡಿದ ಕೈ ನಾ ಕಣ್ಣಾರೆ ನೋಡೇನಿ, ಮಗಳ. ಆಕಿ ತವರಿಗೆ ಹೋದ ದಿನಾನೂ ಹಿಂಗ ಬೆರಳ ಮಡಚಿ ಎಣಿಸಿ, ಕೂಸು ತನ್ನದಲ್ಲ ಅಂದ ಕೈ. ಅದು ನಾ ಹಡೆದವನ ಕೈ.”